ಎಳೆ ಮತ್ತು ನೆರಳು: ಜಿ. ಎನ್. ರಾಮಚಂದ್ರನ್ ಅವರ ಬಾಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾತು ಬಂದಾಗ ನಮ್ಮ ಜನರ ನಾಲಗೆಯ ಮೇಲೆ ಮೊದಲು ನಿಲ್ಲುವ ಹೆಸರು ಸರ್ ಸಿ. ವಿ. ರಾಮನ್ ಅವರದು. ಅದು ಸಹಜ, ನ್ಯಾಯವೂ ಹೌದು. ಆದರೆ ಗುರುವಿನ ಕೀರ್ತಿ ಪ್ರಖರವಾಗಿದ್ದಾಗ ಶಿಷ್ಯರ ಹೆಸರು ಮಸುಕಾಗುವುದೂ ಲೋಕರೂಢಿಯೇ. ರಾಮನ್ ಅವರ ಶಿಷ್ಯವರ್ಗದಲ್ಲಿ ಅಗ್ರಗಣ್ಯರಾದ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಅವರ ಹೆಸರು ಜಗತ್ತಿನ ಜೀವರಸಾಯನ ಪಠ್ಯಪುಸ್ತಕಗಳಲ್ಲೆಲ್ಲ ಅಚ್ಚಾಗಿದೆ. ಅವರು ವಿದ್ಯೆ ಕಲಿತ, ವಿದ್ಯೆ ಕಲಿಸಿದ ಈ ಊರಿನಲ್ಲಿಯಾದರೋ ವಿಜ್ಞಾನದ ವಿದ್ಯಾರ್ಥಿಗಳನ್ನು ಬಿಟ್ಟರೆ ಆ ಹೆಸರನ್ನು ಬಲ್ಲವರು ವಿರಳ.

ಅವರ ಬಾಳನ್ನು ಸ್ಮರಿಸುವುದಕ್ಕೆ ಹಲವು ದಾರಿಗಳಿವೆ. ಇಲ್ಲಿ ಹಿಡಿದಿರುವ ದಾರಿ ಒಂದು ವ್ಯಾಧಿಯ ಮೂಲಕ ಹಾಯುತ್ತದೆ. ವೈದ್ಯರು ಅದನ್ನು ಸಿಸ್ಟೆಮಿಕ್ ಸ್ಕ್ಲೆರೋಸಿಸ್ ಎಂದು ಕರೆಯುತ್ತಾರೆ. ಸ್ಕ್ಲೆರೋಡರ್ಮ ಎಂಬುದು ಅದರ ರೂಢಿಯ ಹೆಸರು. ಸರ್ವಾಂಗ ಕಾಠಿಣ್ಯವೆಂದು ನಾವು ಕನ್ನಡದಲ್ಲಿ ಹೇಳಬಹುದು. ದೇಹವು ತನ್ನ ಅಂಗಗಳನ್ನು ಬಂಧಿಸಿ ಹಿಡಿಯುವುದಕ್ಕಾಗಿ ಕೊಲಾಜನ್ ಎಂಬ ನಾರನ್ನು ತಾನೇ ನೂಲುತ್ತಿರುತ್ತದೆ. ಈ ವ್ಯಾಧಿಯಲ್ಲಿ ಆ ನೂಲುವಿಕೆ ಮಿತಿಯನ್ನು ಮರೆಯುತ್ತದೆ. ಚರ್ಮ ಬಿಗಿಯುತ್ತದೆ, ಬೆರಳುಗಳು ಮಡಿಸಲಾರದಂತಾಗುತ್ತವೆ. ಅನೇಕರಲ್ಲಿ ಆ ನಾರು ಶ್ವಾಸಕೋಶವನ್ನೂ ಹೊಕ್ಕು ಉಸಿರನ್ನೇ ಕಟ್ಟಿಹಾಕುತ್ತದೆ. ಶ್ವಾಸಕೋಶಕ್ಕೆ ಬಂದ ಈ ಕೇಡನ್ನು ಬಲಿಯುವ ಮುನ್ನವೇ ಕಾಣಿಸಿಕೊಡುವ ಸಾಧನವೆಂದರೆ ಸಿ.ಟಿ. ಯಂತ್ರ ತೆಗೆಯುವ ಚಿತ್ರ. ಆ ಕೊಲಾಜನ್ ನಾರಿನ ಅಣುರಚನೆ ಮೂರೆಳೆಯ ಹುರಿಯೆಂದು ಜಗತ್ತಿಗೆ ಮೊದಲು ತಿಳಿಸಿದವರು ರಾಮಚಂದ್ರನ್. ಸಿ.ಟಿ. ಯಂತ್ರವು ನೆರಳುಗಳನ್ನು ಕೂಡಿಸಿ ಚಿತ್ರ ಕಟ್ಟುವ ಗಣಿತಕ್ಕೆ ಸುಲಭವಾದ ದಾರಿ ತೋರಿದವರಲ್ಲಿ ಒಬ್ಬರೂ ರಾಮಚಂದ್ರನ್ನರೇ. ಈ ಎರಡು ಸಾಧನೆಗಳ ನಡುವೆ ಹದಿನೇಳು ವರ್ಷಗಳ ಅಂತರವಿದೆ. ಎರಡನ್ನೂ ಅವರು ಯಾವ ರೋಗಿಯನ್ನೂ ಕಣ್ಣಮುಂದೆ ಇರಿಸಿಕೊಂಡು ಮಾಡಲಿಲ್ಲ. ಆದರೂ ಅವೆರಡು ಇಂದು ಅಪರಿಚಿತ ರೋಗಿಯೊಬ್ಬಳ ಎದೆಗೂಡಿನಲ್ಲಿ ಸಂಧಿಸುತ್ತವೆ.

ರಾಮಚಂದ್ರನ್ ಜನಿಸಿದುದು 1922ನೆಯ ಇಸವಿ ಅಕ್ಟೋಬರ್ 8ರಂದು, ಅಂದಿನ ಕೊಚ್ಚಿ ಸಂಸ್ಥಾನಕ್ಕೆ ಸೇರಿದ್ದ ಎರ್ನಾಕುಳಂನಲ್ಲಿ. ತಂದೆ ಜಿ. ಆರ್. ನಾರಾಯಣ ಅಯ್ಯರ್ ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದು ಮುಂದೆ ಅದರ ಪ್ರಿನ್ಸಿಪಾಲರೂ ಆದವರು. ತಾಯಿ ಲಕ್ಷ್ಮಿ ಅಮ್ಮಾಳ್. ಗಣಿತವೆಂಬುದು ಆ ಮನೆಯಲ್ಲಿ ಪರೀಕ್ಷೆಯ ಭಯವಾಗಿರದೆ ಊಟದ ಜೊತೆಯ ಮಾತಾಗಿದ್ದಿತು. ಬಾಲ್ಯದಲ್ಲಿ ಮೈಗೂಡಿದ ಈ ಸಲಿಗೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಭೌತಶಾಸ್ತ್ರವೇ ಆಗಲಿ, ಜೀವಶಾಸ್ತ್ರವೇ ಆಗಲಿ, ತರ್ಕಶಾಸ್ತ್ರವೇ ಆಗಲಿ, ಅವರು ಕೈಯಿಟ್ಟ ವಿಷಯವೆಲ್ಲವೂ ಕಡೆಗೆ ಲೆಕ್ಕವೊಂದರ ರೂಪವನ್ನು ತಾಳುತ್ತಿತ್ತು.

ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ವ್ಯಾಸಂಗವನ್ನು ಮುಗಿಸಿ, 1942ರಲ್ಲಿ ಇಪ್ಪತ್ತರ ಹೊಸ್ತಿಲಿನಲ್ಲಿದ್ದ ಆ ತರುಣ ಬೆಂಗಳೂರಿಗೆ ಬಂದ. ಮಲ್ಲೇಶ್ವರದಾಚೆಯ ಆ ಸಂಸ್ಥೆಯನ್ನು ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದರು. ಅವನು ಅಲ್ಲಿ ಸೇರಿದುದು ವಿದ್ಯುತ್ ಇಂಜಿನಿಯರಿಂಗ್ ವಿಭಾಗಕ್ಕೆ. ಭೌತಶಾಸ್ತ್ರ ವಿಭಾಗದಲ್ಲಿ ಆಗ ರಾಮನ್ ಅವರ ಆಳ್ವಿಕೆ. ಹುಡುಗನ ಬುದ್ಧಿಯ ಚುರುಕನ್ನು ಕಂಡ ರಾಮನ್, ಇಂಥವನು ಇಂಜಿನಿಯರಿಂಗಿಗೆ ಮೀಸಲಾಗಬಾರದೆಂದು ವಾದಿಸಿ ತಮ್ಮ ಕಡೆಗೆ ಸೆಳೆದುಕೊಂಡರೆಂಬ ಕತೆಯನ್ನು ಆ ಸಂಸ್ಥೆಯವರು ಇಂದಿಗೂ ಸವಿಯಾಗಿ ಹೇಳುತ್ತಾರೆ. ಗುರುವಿನ ಕಣ್ಣು ಶಿಷ್ಯನನ್ನು ಆರಿಸಿಕೊಂಡಿತು. ಶಿಷ್ಯನ ಬಾಳಿನ ದಿಕ್ಕು ಬದಲಾಯಿತು.

ರಾಮನ್ ಅವರ ಪ್ರಯೋಗಶಾಲೆಯಲ್ಲಿ ಆಗ ವಜ್ರ ಮೊದಲಾದ ಸ್ಫಟಿಕಗಳ ಅಭ್ಯಾಸ ಭರದಿಂದ ಸಾಗಿತ್ತು. ಕಾಯಿಸಿದಾಗ ಸ್ಫಟಿಕದೊಳಗೆ ಬೆಳಕಿನ ನಡೆ ಹೇಗೆ ಮಾರ್ಪಡುತ್ತದೆ, ಒತ್ತಿದಾಗ ಹೇಗೆ ಮಾರ್ಪಡುತ್ತದೆ ಎಂಬುದು ರಾಮಚಂದ್ರನ್ ಅವರ ಪಾಲಿಗೆ ಬಂದ ಸಮಸ್ಯೆ. ಈ ಕಾರ್ಯಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯ ಅವರಿಗೆ 1947ರಲ್ಲಿ ಡಿ.ಎಸ್‌ಸಿ. ಪದವಿಯನ್ನು ನೀಡಿತು. ಇದರ ಮಧ್ಯೆ 1945ರಲ್ಲಿ ರಾಜಲಕ್ಷ್ಮಿಯವರೊಡನೆ ಅವರ ವಿವಾಹವಾಗಿತ್ತು. ವಸ್ತುವಿನೊಳಗೆ ಕಿರಣವನ್ನು ಕಳುಹಿಸಿ, ಹೊರಬಂದ ಕಿರಣದ ಮುಖಚರ್ಯೆಯಿಂದ ಒಳಗಿನ ಸಮಾಚಾರವನ್ನು ತಿಳಿಯುವ ವಿದ್ಯೆಗೆ ಅವರು ಅಕ್ಷರಾಭ್ಯಾಸ ಮಾಡಿದುದು ಈ ಐದು ವರ್ಷಗಳಲ್ಲಿ. ಮುಂದಿನದೆಲ್ಲ ಈ ಒಂದು ವಿದ್ಯೆಯ ವಿಸ್ತಾರವೆಂದರೆ ಅತಿಶಯೋಕ್ತಿಯಾಗಲಾರದು.

1947ರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ತೆರಳಿದರು. ಕ್ಷಕಿರಣಗಳಿಂದ ಸ್ಫಟಿಕಗಳ ರಚನೆಯನ್ನು ಅರಿಯುವ ವಿದ್ಯೆಗೆ ಅಡಿಗಲ್ಲು ಹಾಕಿದ ಲಾರೆನ್ಸ್ ಬ್ರಾಗ್ ಆಗ ಅಲ್ಲಿಯ ಕ್ಯಾವೆಂಡಿಷ್ ಪ್ರಯೋಗಶಾಲೆಯ ಮುಖ್ಯಸ್ಥರು. ರಾಮಚಂದ್ರನ್ ಅಲ್ಲಿ ವೂಸ್ಟರ್ ಎಂಬ ವಿದ್ವಾಂಸರೊಡನೆ ದುಡಿದು, ಚೆದರಿದ ಕ್ಷಕಿರಣಗಳ ಅಳತೆಯಿಂದ ಸ್ಫಟಿಕದ ಸ್ಥಿತಿಸ್ಥಾಪಕ ಗುಣವನ್ನು ಗಣಿಸುವ ಮಾರ್ಗವನ್ನು ರೂಪಿಸಿ, 1949ರಲ್ಲಿ ಎರಡನೆಯ ಡಾಕ್ಟರೇಟನ್ನು ಪಡೆದರು. ಅದೇ ವರ್ಷ ಬೆಂಗಳೂರಿಗೆ ಹಿಂದಿರುಗಿ ಸಂಸ್ಥೆಯಲ್ಲಿ ಅಧ್ಯಾಪಕರಾದರು.

ಮದರಾಸು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ದೂರದೃಷ್ಟಿಯುಳ್ಳ ಆಡಳಿತಗಾರರು. ತಮ್ಮಲ್ಲಿ ಹೊಸದಾಗಿ ಭೌತಶಾಸ್ತ್ರ ವಿಭಾಗವನ್ನು ಕಟ್ಟಬೇಕೆಂದು ಸಂಕಲ್ಪಿಸಿದ ಅವರಿಗೆ ರಾಮನ್ ಸೂಚಿಸಿದ ಹೆಸರು ರಾಮಚಂದ್ರನ್ ಅವರದು. 1952ರಲ್ಲಿ, ಮೂವತ್ತು ಇನ್ನೂ ತುಂಬುವ ಮೊದಲೇ, ಅವರು ಅಲ್ಲಿಯ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ಸ್ವಾತಂತ್ರ್ಯ ಬಂದು ಐದೇ ವರ್ಷವಾಗಿದ್ದ ಕಾಲ. ಉಪಕರಣಗಳಿಗೆ ಹಣವಿಲ್ಲ, ಹಣವಿದ್ದರೆ ಹಡಗಿನಲ್ಲಿ ಬರುವ ಉಪಕರಣಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಇಂಥಲ್ಲಿ ಜಗತ್ತಿನ ದೊಡ್ಡ ಪ್ರಯೋಗಶಾಲೆಗಳೊಡನೆ ಸ್ಪರ್ಧಿಸಬಲ್ಲ ಯಾವ ಸಮಸ್ಯೆಯನ್ನು ಹಿಡಿಯಬೇಕೆಂಬ ಯೋಚನೆಯಲ್ಲಿ ಅವರಿದ್ದಾಗ, ಇಂಗ್ಲೆಂಡಿನ ಪ್ರಖ್ಯಾತ ವಿಜ್ಞಾನಿ ಜೆ. ಡಿ. ಬರ್ನಾಲ್ ಮದರಾಸಿಗೆ ಭೇಟಿಯಿತ್ತರು. ಕೊಲಾಜನ್ನಿನ ರಚನೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲವೆಂದು ಅವರು ಮಾತಿನ ನಡುವೆ ತಿಳಿಸಿದರು. ಆ ಮಾತು ಬಿತ್ತದ ಕಾಳಾಯಿತು.

ಕೊಲಾಜನ್ ಎಂಬ ಹೆಸರಿನ ಮೂಲದಲ್ಲಿರುವುದು ಅಂಟು ಎಂಬರ್ಥದ ಗ್ರೀಕ್ ಶಬ್ದ. ತೊಗಲನ್ನೂ ಎಲುಬನ್ನೂ ಕುದಿಸಿದರೆ ಬರುವ ಅಂಟಿಗೆ ಮೂಲವಸ್ತು ಇದೇ. ನಮ್ಮ ಚರ್ಮ, ಎಲುಬು, ಸ್ನಾಯುಗಳ ತುದಿಯ ಬಿಳಿಯ ನಾರು, ರಕ್ತನಾಳಗಳ ಗೋಡೆ, ಶ್ವಾಸಕೋಶದ ಗಾಳಿಗೂಡುಗಳ ತೆಳ್ಳನೆಯ ಚೌಕಟ್ಟು, ಇವೆಲ್ಲಕ್ಕೂ ಅದೇ ಆಧಾರ. ಪ್ರಾಣಿದೇಹದಲ್ಲಿ ಇದರಷ್ಟು ಹೇರಳವಾದ ಪ್ರೋಟೀನು ಬೇರೊಂದಿಲ್ಲ. ಮದರಾಸಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ನೆರೆಯಲ್ಲೇ ಇದ್ದುದರಿಂದ ಸಾಮಗ್ರಿಗೆ ಕೊರತೆಯಾಗಲಿಲ್ಲ. ಶಾರ್ಕ್ ಮೀನಿನ ರೆಕ್ಕೆಯ ನಾರನ್ನು ಮೊದಲು ಪರೀಕ್ಷಿಸಿ, ಬಳಿಕ ಆಸ್ಟ್ರೇಲಿಯದಿಂದ ಬಂದ ಕಾಂಗರೂವಿನ ಬಾಲದ ನಾರಿನಿಂದ ಸ್ಪಷ್ಟವಾದ ಕ್ಷಕಿರಣ ಚಿತ್ರಗಳನ್ನು ಅವರು ಪಡೆದರು. ಜೊತೆಗೆ ನಿಂತವರು ಗೋಪಿನಾಥ ಕರ್ತ ಎಂಬ ತರುಣ ಸಹೋದ್ಯೋಗಿ.

ಸಮಸ್ಯೆಯ ಕೀಲಿಕೈ ಒಂದು ಸಣ್ಣ ಲೆಕ್ಕದಲ್ಲಿ ಅಡಗಿದ್ದಿತು. ಕೊಲಾಜನ್ನಿನ ಅಮೈನೋ ಆಮ್ಲಗಳಲ್ಲಿ ಮೂರರಲ್ಲೊಂದು ಪಾಲು ಗ್ಲೈಸಿನ್. ಅವುಗಳೆಲ್ಲದರಲ್ಲಿ ಅತಿ ಚಿಕ್ಕದು ಅದೇ. ಮೂರು ಎಳೆಗಳನ್ನು ಕೂಡಿಸಿ ಹುರಿ ಹೊಸೆದರೆ ನಟ್ಟನಡುವೆ ಸ್ಥಳ ಬಹು ಇಕ್ಕಟ್ಟು. ಅಲ್ಲಿ ಹಿಡಿಯುವುದು ಗ್ಲೈಸಿನ್ ಒಂದೇ. ಆದುದರಿಂದ ಪ್ರತಿಯೊಂದು ಎಳೆಯಲ್ಲಿಯೂ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಬಂದು ಹುರಿಯ ಒಳಮುಖಕ್ಕೆ ತಿರುಗಿರಬೇಕು. ಈ ತರ್ಕದಿಂದ ಹೊರಟು, 1954ರ ಆಗಸ್ಟಿನ ನೇಚರ್ ಪತ್ರಿಕೆಯಲ್ಲಿ ರಾಮಚಂದ್ರನ್ ಮತ್ತು ಕರ್ತ ಮೂರೆಳೆಯ ಮಾದರಿಯನ್ನು ಮಂಡಿಸಿದರು. ಮರುವರ್ಷವೇ ಅದನ್ನು ತಿದ್ದಿ, ಮೂರೆಳೆಗಳೂ ಒಂದೇ ನಡುರೇಖೆಯ ಸುತ್ತ ಮತ್ತೊಮ್ಮೆ ಸುತ್ತಿಕೊಂಡಿರುವ ಹುರಿಯೆಂದು ತೋರಿದರು. ಚಂದ್ರನು ಭೂಮಿಯನ್ನು ಸುತ್ತುವಾಗ ತಾನೂ ತಿರುಗುತ್ತ ಸದಾ ಒಂದೇ ಮುಖವನ್ನು ನಮಗೆ ತೋರುವ ರೀತಿಯನ್ನು ಚಿಂತಿಸುತ್ತಿದ್ದಾಗ ಈ ತಿದ್ದುಪಡಿ ಅವರಿಗೆ ಹೊಳೆಯಿತೆಂದು ಹೇಳುವುದುಂಟು. ಆಗ ಅವರ ವಯಸ್ಸು ಮೂವತ್ತೆರಡು.

ಮನ್ನಣೆಯ ಜೊತೆಗೇ ವಾದವೂ ಎದ್ದಿತು. ಡಿ.ಎನ್.ಎ. ರಚನೆಯಿಂದ ಪ್ರಖ್ಯಾತರಾಗಿದ್ದ ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಎಂಬವರೊಡನೆ ಸೇರಿ, ಹುರಿಯ ಕಲ್ಪನೆಯನ್ನು ಒಪ್ಪಿಕೊಂಡೂ ಅದರ ವಿವರಗಳಲ್ಲಿ ದೋಷವನ್ನು ಎತ್ತಿದರು. ಎಳೆಗಳನ್ನು ಹಿಡಿದಿಡುವ ಜಲಜನಕ ಬಂಧಗಳು ಮೂರು ಸ್ಥಾನಗಳಿಗೆ ಎರಡೆಂದು ರಾಮಚಂದ್ರನ್ ಹೇಳಿದ್ದರು. ಹಾಗಾದರೆ ಪರಮಾಣುಗಳು ಸಲ್ಲದಷ್ಟು ಹತ್ತಿರ ಬಂದುಬಿಡುತ್ತವೆ, ಬಂಧ ಒಂದೇ ಇರಬೇಕೆಂದು ಅವರ ವಾದ. 1994ರಲ್ಲಿ ಕೊಲಾಜನ್ನನ್ನು ಹೋಲುವ ಅಣುವೊಂದರ ಸ್ಫಟಿಕರಚನೆ ಬಿಡಿಬಿಡಿಯಾಗಿ ಕಂಡಾಗ, ಮೂರೆಳೆಯ ಹುರಿ ನಿಜವೆಂದೂ ನೇರವಾದ ಬಂಧ ಒಂದೇ ಎಂದೂ ಸ್ಥಿರಪಟ್ಟಿತು. ಒಂದು ಅಂಶದಲ್ಲಿ ಎದುರಾಳಿಗಳು ಗೆದ್ದರು. ಹುರಿಯ ಕಲ್ಪನೆ ರಾಮಚಂದ್ರನ್ನರದಾಗಿಯೇ ಉಳಿಯಿತು.

ಈ ವಾದದಿಂದ ಅವರಿಗಾದ ಲಾಭವನ್ನು ಇಲ್ಲಿ ಹೇಳಲೇಬೇಕು. ಸಾಮಾನ್ಯನಾದವನು ಟೀಕೆಯಿಂದ ಮುನಿದು ಕುಳಿತಾನು. ಇವರು ಪರಮಾಣುಗಳು ಪರಸ್ಪರ ಎಷ್ಟು ಹತ್ತಿರ ಬರಬಲ್ಲವೆಂಬ ಪ್ರಶ್ನೆಯನ್ನೇ ಕೈಗೆತ್ತಿಕೊಂಡು, ಅದುವರೆಗೆ ತಿಳಿದಿದ್ದ ಸ್ಫಟಿಕರಚನೆಗಳನ್ನೆಲ್ಲ ಶೋಧಿಸಿದರು. ಪ್ರೋಟೀನಿನ ಎಳೆಯಲ್ಲಿ ಪ್ರತಿಯೊಂದು ಗಂಟಿನ ಎರಡು ಪಕ್ಕಗಳಲ್ಲಿ ಎರಡು ತಿರುವುಗಳು ಸಾಧ್ಯ. ಆ ಎರಡು ಕೋನಗಳನ್ನು ಒಂದು ಚೌಕದ ಎರಡು ಅಂಚುಗಳಲ್ಲಿ ಗುರುತಿಸಿ, ಪರಮಾಣುಗಳು ಒಂದನ್ನೊಂದು ತುಳಿಯದ ಜಾಗಗಳನ್ನು ಎಣಿಸಿದರೆ, ಚೌಕದ ಬಹುಭಾಗ ನಿಷಿದ್ಧವಾಗಿ ಎರಡು ಮೂರು ದ್ವೀಪಗಳಷ್ಟೇ ಉಳಿಯುತ್ತವೆ. ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಎಂಬ ಸಹೋದ್ಯೋಗಿಗಳೊಡನೆ 1963ರಲ್ಲಿ ಅವರು ಪ್ರಕಟಿಸಿದ ಈ ನಕ್ಷೆಗೆ ರಾಮಚಂದ್ರನ್ ನಕ್ಷೆ ಎಂಬ ಹೆಸರು ಶಾಶ್ವತವಾಗಿ ನಿಂತಿದೆ. ಪ್ರೋಟೀನಿನ ಹೊಸ ರಚನೆಯನ್ನು ಕಂಡುಹಿಡಿದವರು ಅದು ಸರಿಯೋ ತಪ್ಪೋ ಎಂದು ಇಂದಿಗೂ ಒರೆಹಚ್ಚಿ ನೋಡುವುದು ಈ ನಕ್ಷೆಯ ಮೇಲೆಯೇ. ಇದಕ್ಕೆ ಮೊದಲೇ, 1961ರಲ್ಲಿ, ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತ್ತು.

ಮೊದಲಿಯಾರರು ಉಪಕುಲಪತಿ ಸ್ಥಾನವನ್ನು ಬಿಟ್ಟ ಮೇಲೆ ಮದರಾಸಿನಲ್ಲಿ ರಾಮಚಂದ್ರನ್ ಅವರ ಮನಸ್ಸು ನಿಲ್ಲಲಿಲ್ಲ. 1970ರಲ್ಲಿ ಅವರು ಅಲ್ಲಿಂದ ಹೊರಟು, ಕೆಲಕಾಲ ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿದ್ದು, ತಮ್ಮ ವಿದ್ಯೆಯ ತವರಾದ ಬೆಂಗಳೂರಿಗೆ ಮರಳಿದರು. ಪ್ರೊಫೆಸರ್ ಸತೀಶ್ ಧವನ್ ಸಂಸ್ಥೆಯ ನಿರ್ದೇಶಕರಾಗಿದ್ದ ಆ ಕಾಲದಲ್ಲಿ, 1971ರಲ್ಲಿ, ಅಣುಜೈವಿಕ ಭೌತಶಾಸ್ತ್ರದ ವಿಭಾಗವನ್ನು ಅವರು ಇಲ್ಲಿ ಸ್ಥಾಪಿಸಿದರು. ಇಪ್ಪತ್ತರ ವಯಸ್ಸಿನಲ್ಲಿ ವಿದ್ಯಾರ್ಥಿಯಾಗಿ ಹೊಕ್ಕ ಬಾಗಿಲನ್ನು ಐವತ್ತರ ಸಮೀಪದಲ್ಲಿ ವಿಭಾಗವೊಂದರ ಸಂಸ್ಥಾಪಕರಾಗಿ ಮತ್ತೆ ಹೊಕ್ಕರು. ಎರಡನೆಯ ಸಾಧನೆ ಬೆಳಕು ಕಂಡುದು ಆ ವರ್ಷವೇ.

ಇದನ್ನು ವಿವರಿಸುವುದಕ್ಕೆ ನಮ್ಮ ಗವಿಪುರದ ಗಂಗಾಧರೇಶ್ವರನ ಸನ್ನಿಧಿಯೇ ಒಳ್ಳೆಯ ನಿದರ್ಶನ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗವಿಯ ಕತ್ತಲೆಯನ್ನು ಹೊಕ್ಕು ಲಿಂಗವನ್ನು ಮುಟ್ಟುವುದನ್ನು ನೋಡಲು ಜನ ಕಿಕ್ಕಿರಿದು ನೆರೆಯುತ್ತಾರೆ. ಆ ಕಿರಣ ಬರುವುದು ಒಂದು ಕೋನದಿಂದ. ಅದು ಬೆಳಗುವುದು ತನ್ನ ದಾರಿಯಲ್ಲಿ ಸಿಕ್ಕಿದ್ದನ್ನು ಮಾತ್ರ. ಗವಿಯ ಉಳಿದ ಮೂಲೆಗಳು ಕತ್ತಲೆಯಲ್ಲೇ ಉಳಿಯುತ್ತವೆ. ಆಸ್ಪತ್ರೆಯ ಸಾಮಾನ್ಯ ಕ್ಷಕಿರಣ ಚಿತ್ರದ ಪಾಡೂ ಹೀಗೆಯೇ. ಕಿರಣ ಒಂದೇ ದಿಕ್ಕಿನಿಂದ ದೇಹವನ್ನು ತೂರಿ ಹೊರಬರುವಾಗ ದಾರಿಯಲ್ಲಿ ಎದುರಾದ ಪಕ್ಕೆಲುಬು, ಹೃದಯ, ಶ್ವಾಸಕೋಶಗಳೆಲ್ಲದರ ಒಟ್ಟು ಮೊತ್ತವನ್ನು ಒಂದೇ ನೆರಳಾಗಿ ತರುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಆ ನೆರಳಿಗೆ ತಿಳಿಯದು. ಕಿರಣವನ್ನು ದೇಹದ ಸುತ್ತ ನೂರಾರು ಕೋನಗಳಿಂದ ಕಳುಹಿಸಿ ನೂರಾರು ನೆರಳುಗಳನ್ನು ಸಂಗ್ರಹಿಸಿದರೆ, ಅವುಗಳಿಂದ ಒಳಗಿನ ವಸ್ತುವನ್ನು ಮತ್ತೆ ಕಟ್ಟಲು ಸಾಧ್ಯವೇ?

ಸಾಧ್ಯವೆಂದು ಆಸ್ಟ್ರಿಯದ ಗಣಿತಜ್ಞ ಯೋಹಾನ್ ರಾಡೋನ್ 1917ರಲ್ಲಿಯೇ ಸಿದ್ಧಪಡಿಸಿದ್ದ. ಆದರೆ ಸೂತ್ರ ಬೇರೆ, ಲೆಕ್ಕ ಬೇರೆ. ಪ್ರತಿಯೊಂದು ನೆರಳನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಒಂದರ ಮೇಲೊಂದು ಕೂಡಿಸಿದರೆ ಚಿತ್ರವೇನೋ ಮೂಡುತ್ತದೆ. ಆದರೆ ಪ್ರತಿ ಚುಕ್ಕೆಯೂ ತೊಯ್ದ ಕಾಗದದ ಮೇಲಿನ ಮಸಿಯಂತೆ ಸುತ್ತಲೂ ಹರಡಿಕೊಳ್ಳುತ್ತದೆ. ಈ ಮಸುಕನ್ನು ನೀಗಲು ಫೂರಿಯೇ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ಪರಿವರ್ತನೆಗಳನ್ನು ಬಳಸುವುದು ಆಗಿನ ಪದ್ಧತಿ. ಅದು ಅಂದಿನ ಗಣಕಯಂತ್ರಗಳಿಗೆ ದೀರ್ಘವಾದ ಕೆಲಸ. ರಾಮಚಂದ್ರನ್ ಅವರೂ ಅವರ ಸಹೋದ್ಯೋಗಿ ಎ. ವಿ. ಲಕ್ಷ್ಮೀನಾರಾಯಣನ್ ಅವರೂ ಆ ಸುತ್ತುದಾರಿಯನ್ನು ಬಿಟ್ಟರು. ನೆರಳನ್ನು ಹಿಂದಕ್ಕೆ ಹರಡುವ ಮೊದಲೇ ಅದನ್ನು ತಿದ್ದಿಕೊಂಡರೆ ಸಾಕೆಂದು ಅವರು ತೋರಿಸಿದರು. ತಿದ್ದುವ ಕ್ರಮ ಶಾಲೆಯ ಹುಡುಗನೂ ಗ್ರಹಿಸುವಷ್ಟು ಸರಳ. ನೆರಳಿನ ಅಳತೆಗಳನ್ನು ಸಾಲಾಗಿ ಮನೆಗಳಲ್ಲಿ ಬರೆದಿದೆಯೆಂದುಕೊಳ್ಳೋಣ. ಪ್ರತಿಯೊಂದು ಮನೆಯ ಅಳತೆಯಿಂದಲೂ, ಒಂದು, ಮೂರು, ಐದು ಹೀಗೆ ಬೆಸಸಂಖ್ಯೆಯ ದೂರದಲ್ಲಿರುವ ಮನೆಗಳ ಸಣ್ಣ ಸಣ್ಣ ಅಂಶಗಳನ್ನು ಕಳೆಯಬೇಕು; ಎರಡು, ನಾಲ್ಕು, ಆರು ಹೀಗೆ ಸಮಸಂಖ್ಯೆಯ ದೂರದವನ್ನು ಮುಟ್ಟದೆ ಬಿಡಬೇಕು. ಕಳೆಯುವ ಅಂಶ ದೂರದ ವರ್ಗಕ್ಕೆ ತಕ್ಕಂತೆ ಕಿರಿದಾಗುತ್ತ ಹೋಗುತ್ತದೆ. ಹೀಗೆ ತಿದ್ದಿದ ನೆರಳುಗಳನ್ನು ಹಿಂದಕ್ಕೆ ಹರಡಿದರೆ ಮಸುಕು ತಾನಾಗಿಯೇ ಪರಿಹಾರವಾಗಿ, ಅಂಚುಗಳು ಸ್ಪಷ್ಟವಾಗಿ ನಿಲ್ಲುತ್ತವೆ.

ಈ ವಿಚಾರದ ಗಣಿತವನ್ನು ರಾಮಚಂದ್ರನ್ 1971ರಲ್ಲಿ, ತಮ್ಮ ಗುರು ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, ನೆರಳಿನಿಂದ ವಸ್ತುವನ್ನು ಮರಳಿ ಕಟ್ಟುವುದು ಎಂಬ ಅರ್ಥದ ಶೀರ್ಷಿಕೆಯಿಟ್ಟು ಪ್ರಕಟಿಸಿದರು. ಇಬ್ಬರೂ ಸೇರಿ ಬರೆದ ಪ್ರಸಿದ್ಧ ಲೇಖನ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರ ಮೊತ್ತಮೊದಲ ರೋಗಿಯ ತಲೆಯ ಸಿ.ಟಿ. ಚಿತ್ರವನ್ನು ತೆಗೆಯಿತು. ಒಂದು ತಿಂಗಳಿನ ಅಂತರದಲ್ಲಿ ನಡೆದ ಈ ಎರಡು ಘಟನೆಗಳಿಗೆ ಪರಸ್ಪರ ಪರಿಚಯವಿರಲಿಲ್ಲ. ಹೌನ್ಸ್‌ಫೀಲ್ಡರ ಮೊದಲ ಯಂತ್ರ ಬೇರೆ ಬಗೆಯ, ಹೆಚ್ಚು ಹೊತ್ತು ಹಿಡಿಯುವ ಲೆಕ್ಕವನ್ನು ಅವಲಂಬಿಸಿತ್ತು. ಆಕಾಶದ ರೇಡಿಯೊ ಕಿರಣಗಳನ್ನು ಅಭ್ಯಸಿಸುತ್ತಿದ್ದ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬವರು 1967ರಲ್ಲಿಯೇ ಇಂಥ ತಿದ್ದುವಿಕೆಯನ್ನು ಕಂಡಿದ್ದರೆಂಬುದನ್ನೂ ಸತ್ಯಕ್ಕಾಗಿ ಹೇಳಬೇಕು; ರಾಮಚಂದ್ರನ್ ಸ್ವತಂತ್ರವಾಗಿ ಅಲ್ಲಿಗೆ ತಲಪಿದರು. ಕೆಲವೇ ವರ್ಷಗಳಲ್ಲಿ ಯಂತ್ರ ಕಟ್ಟುವವರು ಈ ಶೀಘ್ರಮಾರ್ಗಕ್ಕೆ ತಿರುಗಿದರು. ಅದರ ಮೂಲಸೂತ್ರಕ್ಕೆ ಇಂದಿಗೂ ಇಂಜಿನಿಯರುಗಳ ಬಾಯಲ್ಲಿ ರಾಮ್-ಲಾಕ್ ಎಂದು ಹೆಸರು. ದಾಕ್ಷಿಣಾತ್ಯರಿಬ್ಬರ ಉದ್ದನೆಯ ಹೆಸರುಗಳು ಯಂತ್ರದ ಭಾಷೆಯಲ್ಲಿ ಹೀಗೆ ಎರಡಕ್ಷರಗಳಾಗಿ ಕುಗ್ಗಿ ಬಾಳುತ್ತಿವೆ. 1979ರ ನೊಬೆಲ್ ಬಹುಮಾನ ಹೌನ್ಸ್‌ಫೀಲ್ಡರಿಗೂ, ಈ ಗಣಿತವನ್ನು 1963ರಲ್ಲಿಯೇ ಚಿಂತಿಸಿದ್ದ ಅಲನ್ ಕಾರ್ಮಾಕ್ ಅವರಿಗೂ ಸಂದಿತು. ರಾಮಚಂದ್ರನ್ ಅವರಿಗೆ ಆ ಬಹುಮಾನ ಎಂದೂ ಬರಲಿಲ್ಲ.

ಇನ್ನು ನಾವು ಮೊದಲು ಹೇಳಿದ ವ್ಯಾಧಿಗೆ ಬರೋಣ. ಸರ್ವಾಂಗ ಕಾಠಿಣ್ಯ ಹೆಚ್ಚಾಗಿ ಪೀಡಿಸುವುದು ಹೆಂಗಸರನ್ನು, ಅದರಲ್ಲಿಯೂ ನಡುವಯಸ್ಸಿನವರನ್ನು. ಆರಂಭದ ಲಕ್ಷಣ ಅಲ್ಪವೆಂಬಂತೆ ತೋರುತ್ತದೆ: ತಣ್ಣೀರನ್ನು ಮುಟ್ಟಿದರೆ ಬೆರಳುಗಳು ಬಿಳಿಚಿ, ನೀಲಿಗಟ್ಟಿ, ಮತ್ತೆ ಕೆಂಪಾಗುತ್ತವೆ. ಇದಾದ ಕೆಲವು ತಿಂಗಳುಗಳಲ್ಲಿಯೋ ವರ್ಷಗಳಲ್ಲಿಯೋ ಚರ್ಮ ದಪ್ಪವಾಗತೊಡಗುತ್ತದೆ. ಅದೇ ಕಾಲದಲ್ಲಿ ಶ್ವಾಸಕೋಶದ ತಳಭಾಗದಲ್ಲಿ, ಬೆನ್ನಿನ ಕಡೆಗೆ, ಗಾಳಿಗೂಡುಗಳ ನಡುವಣ ತೆಳುಗೋಡೆಗಳನ್ನು ನಾರು ಆಕ್ರಮಿಸತೊಡಗಿರಬಹುದು. ರೋಗಿಗೆ ಅದರ ಅರಿವಿರದು. ಮೆಟ್ಟಿಲು ಹತ್ತುವಾಗ ಬರುವ ಏದುಸಿರನ್ನು ವಯಸ್ಸಿನ ಮೇಲೋ ಮನೆಗೆಲಸದ ಆಯಾಸದ ಮೇಲೋ ಹೊರಿಸಿ ಸುಮ್ಮನಾಗುವುದು ನಮ್ಮ ಹೆಂಗಸರ ಸ್ವಭಾವ. ಸಾಮಾನ್ಯ ಕ್ಷಕಿರಣ ಚಿತ್ರ ಈ ಹಂತದಲ್ಲಿ ನಿರ್ದೋಷವಾಗಿ ಕಾಣುವುದುಂಟು. ಉಸಿರಿನ ಪ್ರಮಾಣವನ್ನು ಅಳೆಯುವ ಪರೀಕ್ಷೆಯೂ ಕೆಲವೊಮ್ಮೆ ಸರಿಯೆಂದೇ ಹೇಳುತ್ತದೆ. ಚಿತ್ರಕಲಾವಿದ ಪಾಲ್ ಕ್ಲೇ ಸ್ವಿಟ್ಜರ್ಲೆಂಡಿನಲ್ಲಿ 1935ರಿಂದ ಬಳಲಿ 1940ರಲ್ಲಿ ಮಡಿದುದು ಇದೇ ವ್ಯಾಧಿಯಿಂದ ಎಂಬುದು ತರುವಾಯದ ವೈದ್ಯರ ಅಭಿಪ್ರಾಯ. ಜೀವಂತ ಎದೆಯನ್ನು ಪದರಪದರವಾಗಿ ಕಾಣುವ ಸಾಧನ ಆ ಕಾಲದ ವೈದ್ಯರ ಕೈಯಲ್ಲಿರಲಿಲ್ಲ.

ಇಂದಿನ ಸೂಕ್ಷ್ಮ ಸಿ.ಟಿ. ಚಿತ್ರ ಶ್ವಾಸಕೋಶವನ್ನು ಸುಮಾರು ಒಂದು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ತೋರಿಸುತ್ತದೆ. ರೋಗಿ ಉಸಿರನ್ನು ತುಂಬಿಕೊಂಡು ಕೆಲವು ಕ್ಷಣ ಹಿಡಿದರೆ ಸಾಕು. ಬೆನ್ನ ಮೇಲೆ ಮಲಗಿದಾಗ ಭಾರದಿಂದ ಹಿಂಭಾಗದಲ್ಲಿ ಮೂಡುವ ಮಬ್ಬು ರೋಗದ್ದೋ ಮಲಗಿದ ಭಂಗಿಯದೋ ಎಂಬ ಸಂದೇಹ ಬಂದರೆ, ಬೋರಲಾಗಿ ಮಲಗಿಸಿ ಇನ್ನೊಮ್ಮೆ ನೋಡುತ್ತಾರೆ. ಭಂಗಿಯ ಮಬ್ಬು ಮಾಯವಾಗುತ್ತದೆ, ರೋಗದ ಮಬ್ಬು ಉಳಿಯುತ್ತದೆ. ಮೊದಲ ಹಂತದ ರೋಗ ಉಜ್ಜಿದ ಗಾಜಿನಂಥ ಮಸುಕಾಗಿ ಕಾಣುವುದುಂಟು. ನಾರು ಬಲಿತಂತೆ ಅದು ಬಲೆಯಂಥ ಸಣ್ಣ ಗೆರೆಗಳಾಗುತ್ತದೆ. ನಾರಿನ ಸೆಳೆತಕ್ಕೆ ಸಿಕ್ಕ ಶ್ವಾಸನಾಳಗಳು ಅಂಕುಡೊಂಕಾಗಿ ಅಗಲವಾಗುತ್ತವೆ. ಕೆಲವರಲ್ಲಿ ಕೊನೆಗೆ ಶ್ವಾಸಕೋಶ ಜೇನುಹಟ್ಟಿಯಂತೆ ತೂತುತೂತಾಗುತ್ತದೆ. ಶ್ವಾಸಕೋಶದ ಎಷ್ಟು ಭಾಗಕ್ಕೆ ಕೇಡು ತಟ್ಟಿದೆಯೆಂಬುದೂ ಮುಖ್ಯ. ನೂರರಲ್ಲಿ ಇಪ್ಪತ್ತು ಪಾಲನ್ನು ಮೀರಿದ್ದರೆ ರೋಗಿಯ ಮುಂದಿನ ಹಾದಿ ಹೆಚ್ಚು ಕಠಿಣವೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ವೈದ್ಯರು ಅದನ್ನು ಒಂದು ಗಡಿಗೆರೆಯಾಗಿ ಬಳಸುತ್ತಾರೆ. ಈ ಗೆರೆಗಳೂ ಬಲೆಗಳೂ ಮತ್ತೇನಲ್ಲ. 1954ರಲ್ಲಿ ರಾಮಚಂದ್ರನ್ ಮತ್ತು ಕರ್ತ ಬಿಡಿಸಿ ತೋರಿದ ಮೂರೆಳೆಯ ಹುರಿ, ಸಲ್ಲದ ತಾಣದಲ್ಲಿ ರಾಶಿಬಿದ್ದು ಕಣ್ಣಿಗೆ ಕಾಣುವಷ್ಟು ಬೆಳೆದಿರುವುದು. ಅವುಗಳ ಅಂಚನ್ನು ಮಸುಕಿಲ್ಲದಂತೆ ತೋರಿಸುವ ಲೆಕ್ಕದ ಬೇರು 1971ರದು. ಇಂದಿನ ಯಂತ್ರಗಳು ಇನ್ನೂ ಜಟಿಲವಾದ ಗಣನೆಗಳನ್ನು ಅದರ ಜೊತೆಗೆ ಸೇರಿಸಿಕೊಂಡಿವೆ.

ಹೀಗೆ ಮೊದಲೇ ಕಾಣುವುದರಿಂದ ಪ್ರಯೋಜನವೇನೆಂದು ಕೇಳಬಹುದು. ಒಮ್ಮೆ ನಾರಾಗಿ ಗಟ್ಟಿಗೊಂಡ ಶ್ವಾಸಕೋಶವನ್ನು ಹಿಂದಿನಂತೆ ಮೃದುಗೊಳಿಸುವ ಔಷಧ ಇಂದಿಗೂ ಇಲ್ಲ. ಆದರೆ ಮುಂದಿನ ಕೇಡನ್ನು ನಿಧಾನಗೊಳಿಸುವ ಔಷಧಗಳು ಬಂದಿವೆ. ಸೈಕ್ಲೋಫಾಸ್ಫಮೈಡ್, ಮೈಕೋಫಿನೊಲೇಟ್ ಎಂಬುವುಗಳ ಪ್ರಯೋಜನವನ್ನು 2006 ಮತ್ತು 2016ರ ಪರೀಕ್ಷೆಗಳು ತೋರಿದವು. ನಾರಿನ ಬೆಳವಣಿಗೆಯನ್ನೇ ತಡೆಯಲೆತ್ನಿಸುವ ನಿಂಟೆಡಾನಿಬ್ 2019ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕಾಗಿ ಅನುಮತಿ ಪಡೆಯಿತು. ಆದುದರಿಂದಲೇ ಈ ವ್ಯಾಧಿ ನಿಶ್ಚಯವಾದ ಕೂಡಲೆ, ಕೆಮ್ಮು ಏದುಸಿರುಗಳಿರಲಿ ಇಲ್ಲದಿರಲಿ, ಎದೆಯ ಸೂಕ್ಷ್ಮ ಸಿ.ಟಿ. ಚಿತ್ರವೊಂದನ್ನು ತೆಗೆಸಬೇಕೆಂದು ತಜ್ಞರು ಹೇಳುತ್ತಾರೆ. ಉಳಿದಿರುವ ಉಸಿರನ್ನು ಉಳಿಸಿಕೊಳ್ಳುವುದೇ ಇಲ್ಲಿಯ ಚಿಕಿತ್ಸೆ. ಎಷ್ಟು ಬೇಗ ಕಂಡರೆ ಅಷ್ಟು ಹೆಚ್ಚು ಉಳಿಯುತ್ತದೆ.

ರಾಮಚಂದ್ರನ್ ಈ ಕತೆಯ ಈ ಭಾಗವನ್ನು ಬರೆಯಲಿಲ್ಲ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು. ಅದೇ ದಶಕದ ಕೊನೆಯ ವೇಳೆಗೆ ಅವರ ಚಿತ್ತ ಪ್ರಯೋಗಶಾಲೆಯಿಂದ ತರ್ಕಶಾಸ್ತ್ರದ ಕಡೆಗೆ ಹರಿದಿತ್ತು. ಪಂಪ ರನ್ನರನ್ನು ಓದುವ ಕನ್ನಡದ ವಿದ್ಯಾರ್ಥಿಗೆ ಜೈನರ ಸ್ಯಾದ್ವಾದ ಹೊಸದಲ್ಲ. ಇರಬಹುದು, ಇಲ್ಲದಿರಬಹುದು, ಹೇಳಲಾಗದಿರಬಹುದು ಎಂದು ಸತ್ಯದ ಮುಖಗಳನ್ನು ಎಣಿಸುವ ಆ ನ್ಯಾಯವನ್ನು ರಾಮಚಂದ್ರನ್ ಗಣಿತದ ಸಂಕೇತಗಳಲ್ಲಿ ಅಳವಡಿಸಲು ಯತ್ನಿಸಿದರು. ಒಂದೇ ವಸ್ತುವನ್ನು ಹಲವು ಕೋನಗಳಿಂದ ನೋಡಬೇಕೆಂಬ ಮಾತು ಅವರಿಗೆ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಕರ್ನಾಟಕ ಸಂಗೀತದಲ್ಲಿ ಅವರಿಗೆ ಅಭಿರುಚಿಯಿತ್ತು, ಕವಿತೆಗಳನ್ನೂ ಬರೆಯುತ್ತಿದ್ದರು.

ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ಕೈಕಾಲುಗಳನ್ನು ನಡುಗಿಸುವ ಪಾರ್ಕಿನ್ಸನ್ ರೋಗ ಅವರನ್ನು ಹಿಡಿಯಿತು. ಐವತ್ತಮೂರು ವರ್ಷ ಜೊತೆಯಾಗಿ ಬಾಳಿದ ರಾಜಲಕ್ಷ್ಮಿಯವರು 1998ರಲ್ಲಿ ತೀರಿಕೊಂಡರು. ಆ ಆಘಾತದಿಂದ ಅವರು ಚೇತರಿಸಿಕೊಳ್ಳಲಿಲ್ಲ. 1999ರಲ್ಲಿ ಅಂತಾರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟ ತನ್ನ ಅತ್ಯುನ್ನತವಾದ ಎವಾಲ್ಡ್ ಪ್ರಶಸ್ತಿಯನ್ನು ಅವರಿಗೆ ಅರ್ಪಿಸಿತು. ಎರಡು ವರ್ಷಗಳ ತರುವಾಯ, 2001ರ ಏಪ್ರಿಲ್ 7ರಂದು, ಚೆನ್ನೈಯಲ್ಲಿ ಅವರು ಕಾಲವಾದರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ.

ಅವರಿಗೆ ನೊಬೆಲ್ ಬರಬೇಕಿತ್ತೆಂದು ಮರುಗುವವರು ನಮ್ಮಲ್ಲಿ ಬಹಳ ಮಂದಿ. ಆ ಮರುಕ ಯೋಗ್ಯವಾದುದೇ. ಆದರೆ ವಿದ್ವಾಂಸನೊಬ್ಬನ ಬಾಳಿನ ಫಲವನ್ನು ಅಳೆಯುವುದಕ್ಕೆ ಬಹುಮಾನದ ಪಟ್ಟಿಗಿಂತ ಹತ್ತಿರದ ಸ್ಥಳಗಳೂ ಇವೆ. ಬೆಂಗಳೂರಿನ ಯಾವುದೋ ಆಸ್ಪತ್ರೆಯಲ್ಲಿ, ಬೆರಳುಗಳು ಬಿಗಿದ ಗೃಹಿಣಿಯೊಬ್ಬಳು ಯಂತ್ರದ ಉಂಗುರದೊಳಗೆ ಮಲಗಿ, ಹೇಳಿದಂತೆ ಉಸಿರನ್ನು ಹಿಡಿದು ಬಿಡುತ್ತಾಳೆ. ಪಕ್ಕದ ಕೋಣೆಯ ತೆರೆಯ ಮೇಲೆ ಅವಳ ಶ್ವಾಸಕೋಶದ ತಳದಲ್ಲಿ ತೆಳುವಾದ ಮಸುಕೊಂದು ಕಾಣುತ್ತದೆ. ಅವಳಿಗೆ ಇನ್ನೂ ಕೆಮ್ಮು ಬಂದಿಲ್ಲ, ಏದುಸಿರು ಹತ್ತಿಲ್ಲ. ವೈದ್ಯರು ಆ ಸಂಜೆಯೇ ಔಷಧದ ವಿಚಾರ ಎತ್ತುತ್ತಾರೆ. ರಾಮಚಂದ್ರನ್ ಎಂಬ ಹೆಸರನ್ನು ಅವಳು ಕೇಳಿರಲಾರಳು. ನಮ್ಮ ಶಾಲಾ ಕಾಲೇಜುಗಳ ಪಾಠಗಳಲ್ಲಿ, ರಾಮನ್ ಅವರ ಹೆಸರಿನ ಪಕ್ಕದಲ್ಲಿ, ಆ ಹೆಸರಿಗೂ ಸ್ಥಳ ದೊರೆತರೆ ಅವಳ ಮಕ್ಕಳಾದರೂ ಕೇಳಿಯಾರು.